ಗಪ್‌ಚಿಪ್ ಸಾಹೇಬರ ಹೂಂ

ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಜವಾನರಾಗಿದ್ದವರಿಗೆ ಊರಿನವರು ಇಟ್ಟ ಹೆಸರು ಗಪ್‌ಚಿಪ್ ಸಾಹೇಬರು. ಸಾಹೇಬರೇನಲ್ಲ ಬಿಡಿ, ಬಾಗಿಲಲ್ಲಿ ನಿಂತು "ಸದ್ದು!" ಎಂದು ಗದರಿಸುವುದೇ ಅವರ ಕೆಲಸ. ಆ ಗಂಟಲಿಗೆ ವಕೀಲರ ವಾದವೂ ಅರ್ಧಕ್ಕೆ ನಿಲ್ಲುತ್ತಿತ್ತು. ಕೆಮ್ಮು ಬಂದವರು ತಡೆದುಕೊಂಡು ಹೊರಗೆ ಹೋಗಿ ಕೆಮ್ಮುತ್ತಿದ್ದರು.

ನಿವೃತ್ತರಾದ ಮೇಲೂ ಹಳೇ ಕೋರ್ಟ್ ಹಾಲಿನ ಬೀಗದಕೈ ಅವರ ಬಳಿಯೇ ಉಳಿದಿತ್ತು. ಹಾಗಾಗಿ ಸಂಗೀತೋತ್ಸವದವರು ಮೊದಲು ತಟ್ಟಿದ್ದು ಅವರ ಬಾಗಿಲನ್ನೇ. ಮೂರು ದಿನದ ಉತ್ಸವ. ನುಡಿಸುವವರು ನಾಲ್ಕೇ ಜನ, ಮೈಕಿಲ್ಲ. ಕೇಳಲು ಬರುವವರು ಮಾತ್ರ ಎಲ್ಲರೂ: ಗಾಲಿಕುರ್ಚಿಯವರು, ಕಿವಿ ಮಂದವಾದವರು, ಕೂತಲ್ಲಿ ಕೂರಲಾಗದವರು. ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಎದ್ದಿತು. ಕಟಕಟೆ ಮೂಲೆ ಸೇರಿತು, ಅದರ ಜಾಗಕ್ಕೆ ಜಮಖಾನ ಬಂತು.

ಉತ್ಸವದ ಮೇಡಂ ಒಂದು ಚೀಟಿ ಕೊಟ್ಟರು. "ಶುರುವಿಗೆ ಇದನ್ನ ನೀವೇ ಓದ್ಬೇಕು ಸಾರ್. ಇಲ್ಲಿ ಯಾರನ್ನೂ ಸುಮ್ಮನಿರಿಸೋ ಹಾಗಿಲ್ಲ."

"ಯಾರನ್ನೂ? ಹಾಗಾದ್ರೆ ನಾನ್ಯಾಕೆ?"

"ಬೀಗದಕೈ ನಿಮ್ಮ ಹತ್ರ ಇದೆಯಲ್ಲ!"

ಚೀಟಿ ಓದಿದೊಡನೆ ಅವರಿಗೆ ನೆನಪಾದವಳು ತಂಗಿ. ತಂಗಿಯ ಮಗಳಿಗೆ ಈಗ ಇಪ್ಪತ್ತಾರು. ಮಾತು ಬಾರದು, ಬರುವುದು ಒಂದು "ಹೂಂ" ಮಾತ್ರ. ಅದನ್ನು ಕಲಿಸಿದ್ದು ಅಜ್ಜಿ. ಮೊಮ್ಮಗಳು ಹೂಂಗುಟ್ಟದಿದ್ದರೆ ಮುದುಕಿ ಕಥೆಯನ್ನು ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ತಂಗಿ ಯಾವುದೋ ಕೇಸಿನಲ್ಲಿ ಸಾಕ್ಷಿ ಹೇಳಲು ಮಗಳನ್ನೂ ಕರೆದುಕೊಂಡು ಇದೇ ಹಾಲಿಗೆ ಬಂದಿದ್ದಳು. ನ್ಯಾಯಾಧೀಶರ ಪ್ರತಿ ಮಾತಿಗೂ ಹುಡುಗಿ "ಹೂಂ" ಎಂದಳು. ಜನ ನಕ್ಕರು. ಸಾಹೇಬರು ಆ ಮಗುವಿನ ಕೈಹಿಡಿದು ಆಚೆ ಬಿಟ್ಟು ಬಂದರು. ಅವತ್ತಿನಿಂದ ತಂಗಿ ಯಾವ ಸಭೆಗೂ ಕಾಲಿಟ್ಟಿಲ್ಲ. ಅಣ್ಣನ ಮನೆಗೆ ಊಟಕ್ಕೆ ಬರುತ್ತಾಳೆ, ನಗುತ್ತಾಳೆ. ಆ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ. ಸಾಹೇಬರಿಗೆ ಅದು ಇಂದಿಗೂ ಚುಚ್ಚುತ್ತದೆ.

ಚೀಟಿ ಹಿಡಿದು ಅವಳ ಮನೆಗೇ ಹೋದರು.

"ಯಾರಾದ್ರೂ ತಿರುಗಿ ನೋಡಿದ್ರೆ ಎದ್ದು ಬಂದ್ಬಿಡ್ತೀನಿ ಅಣ್ಣಾ. ಆಮೇಲೆ ಇನ್ನೊಂದ್ಸಲ ಕರೀಬೇಡ," ಎಂದಳು ತಂಗಿ.

ಮೊದಲ ದಿನ ಮಧ್ಯಾಹ್ನ ಹಾಲು ತುಂಬಿತು. ಸಾಹೇಬರು ಚೀಟಿ ಹಿಡಿದು ನಿಂತರು. ಗಂಟಲು ಮಾತ್ರ ಹಳೆಯದೇ. "ಎಲ್ಲರೂ ಕೇಳಿ! ಇಲ್ಲಿ ಯಾರು ಬೇಕಾದ್ರೂ ಸದ್ದು ಮಾಡ್ಬಹುದು!" ಎಂದು ಗುಡುಗಿದರು. ಸಭೆ ತುಟಿಪಿಟಕ್ಕೆನ್ನದೆ ಕೂತಿತು. ಗಾಲಿಕುರ್ಚಿಯ ಅಜ್ಜ ಬಾಯಲ್ಲಿದ್ದ ಪೆಪ್ಪರಮೆಂಟು ಚೀಪುವುದನ್ನೂ ನಿಲ್ಲಿಸಿದ.

ದೊಡ್ಡ ಪಿಟೀಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ ಹೆಂಗಸು ಮೊದಲು ಒಬ್ಬಳೇ ಒಂದು ಸಾಲು ನುಡಿಸಿದಳು.

"ಹೂಂ," ಎಂದಳು ತಂಗಿಯ ಮಗಳು.

ಪಿಟೀಲಿನವಳು ಹುಬ್ಬೇರಿಸಿ, ಖುಷಿಯಿಂದ ಇನ್ನೊಂದು ಸಾಲು ನುಡಿಸಿದಳು. "ಹೂಂ." ಮುಂದೆ ಕೂತಿದ್ದ ಮೇಷ್ಟ್ರೊಬ್ಬರು ಕತ್ತು ಹೊರಳಿಸಿ "ಶ್ಶ್!" ಎಂದರು. ತಂಗಿ ಮಗಳ ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಎತ್ತಿಕೊಂಡಳು.

ಮೇಷ್ಟ್ರಿಗೆ "ಸದ್ದು!" ಎನ್ನಲು ಬಾಯಿ ತೆರೆದ ಸಾಹೇಬರು ನಾಲಿಗೆ ಕಚ್ಚಿಕೊಂಡರು. ಚೀಟಿಯ ಪ್ರಕಾರ ಮೇಷ್ಟ್ರನ್ನೂ ಸುಮ್ಮನಿರಿಸುವ ಹಾಗಿರಲಿಲ್ಲ.

ಮೂರನೆಯ ಸಾಲು ಮುಗಿಯಿತು. ಹೂಂ ಬರಲಿಲ್ಲ. ಪಿಟೀಲಿನವಳು ಕಮಾನು ಎತ್ತಿ ಹಿಡಿದು ಕಾದಳು, ಥೇಟ್ ಅಜ್ಜಿಯ ಹಾಗೆ. ಉಳಿದ ಮೂವರು ಅವಳ ಮುಖ ನೋಡಿದರು. ತಂಗಿ ಆಗಲೇ ಅರ್ಧ ಎದ್ದಿದ್ದಳು.

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು, ಊರನ್ನೇ ನಡುಗಿಸಿದ ಅದೇ ಗಂಟಲಲ್ಲಿ, ಕಿಟಕಿಯ ಗಾಜು ಅದುರುವಂತೆ "ಹೂಂ!" ಎಂದರು.

ಇಡೀ ಹಾಲು ತಿರುಗಿ ಅವರನ್ನೇ ನೋಡಿತು. ತಂಗಿಯತ್ತ ನೋಡುವವರು ಒಬ್ಬರೂ ಉಳಿಯಲಿಲ್ಲ. ಪಿಟೀಲಿನವಳು ನಕ್ಕು ಕಮಾನು ಇಳಿಸಿದಳು. ತಂಗಿ ಕೂತಳು, ಚೀಲ ಕೆಳಗಿಟ್ಟಳು, ಮಗಳ ಬಾಯಿಂದ ಕೈ ತೆಗೆದಳು. ಮುಂದಿನ ಸಾಲಿಗೆ ಸೋದರಮಾವ, ಸೋದರಸೊಸೆ ಇಬ್ಬರೂ ಹೂಂಗುಟ್ಟಿದರು. ಅದರ ಮುಂದಿನದಕ್ಕೆ ಪೆಪ್ಪರಮೆಂಟಿನ ಅಜ್ಜನೂ ಸೇರಿಕೊಂಡ.

ಎಲ್ಲ ಮುಗಿದು ಜನ ಕರಗಿದ ಮೇಲೆ ಸಾಹೇಬರು ಬೀಗ ಹಾಕುತ್ತಿದ್ದರು. ತಂಗಿ ಹಿಂದೆ ಬಂದು ನಿಂತಳು.

"ನಾಳೆ ಸ್ವಲ್ಪ ಬೇಗ ಬಾಗಿಲು ತೆಗಿ ಅಣ್ಣಾ. ಮುಂದಿನ ಸಾಲಲ್ಲಿ ಜಾಗ ಹಿಡೀಬೇಕು."