ಮೈಕಿಗೆ ಸಿಕ್ಕ ನಗು

ಮೊನ್ನೆ ಸಂಜೆ ಮೈಸೂರಿನ ವಸ್ತುಪ್ರದರ್ಶನದಲ್ಲಿ ಯಾರೋ ಗುಜರಾತಿನ ಸೇವ್ ಉಸಳ್ ಮಾರುತ್ತಿದ್ದರು. ಬಟಾಣಿಯ ಬಿಸಿ ರಸಕ್ಕೆ ಖಾರದ ಎಣ್ಣೆ ಬಿದ್ದ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ತೊಂಬತ್ತರ ದಶಕದಲ್ಲಿ ನಾನು ವಡೋದರಾದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಫತೇಗಂಜ್‌ನ ನಮ್ಮ ಹಾಸ್ಟೆಲಿನ ಕಿಟಕಿಗೆ ದಿನವೂ ಇದೇ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ನೀಲಮ್ಮ ನೆನಪಾದಳು.

ನೀಲಮ್ಮ ನನ್ನ ರೂಮ್‌ಮೇಟ್, ಸಿಂದಗಿ ಕಡೆಯವಳು. ಇಡೀ ಹಾಸ್ಟೆಲಿಗೆ ಕನ್ನಡದವರು ನಾವಿಬ್ಬರೇ. ನಾನೋ ವಾಕ್‌ಮನ್ ಕಿವಿಗೆ ಸಿಕ್ಕಿಸಿಕೊಂಡು, ಅರ್ಧಕ್ಕರ್ಧ ಅರ್ಥವಾಗದ ಗಜಲುಗಳಿಗೆ ತಲೆದೂಗುವ ಮಹಾರಸಿಕಳು. ಅವಳು ಬಟ್ಟೆ ಒಗೆಯುತ್ತ ತನ್ನ ಅವ್ವನ ಬೀಸುವ ಪದಗಳನ್ನು ಹಾಡುತ್ತಿದ್ದಳು. ಆ ದನಿ ಕೇಳಿಸಿದರೆ ನಾನು ವಾಕ್‌ಮನ್ ನಿಲ್ಲಿಸಿಬಿಡುತ್ತಿದ್ದೆ. ಆದರೆ ನಿನಗೆ ಯಾವ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದರೆ ಗಜಲ್ ಎನ್ನುತ್ತಿದ್ದೆ. ಬೀಸುವ ಕಲ್ಲಿನ ಹೆಸರು ಹೇಳಲು ನಾಚಿಕೆ, ನೋಡಿ.

ಹಿಂದಿಯಲ್ಲಿ ನಾವಿಬ್ಬರೂ ನಗೆಪಾಟಲು. ನಾನು ‘ಮೇರಾ ಕಿತಾಬ್’ ಎಂದರೆ ಎದುರು ರೂಮಿನ ಹೇತಲ್ “ಮೇರೀ, ಮದ್ರಾಸಿ, ಮೇರೀ!” ಎಂದು ಕಿರುಚುತ್ತಿದ್ದಳು. ನಾನು ದಿಂಬಿಗೆ ಮುಖ ಒತ್ತಿ ಅಳುತ್ತಿದ್ದೆ. ನೀಲಮ್ಮ ‘ಬೇಡ’ ಎನ್ನಲು ತನ್ನೂರಿನ ದಖನಿಯ ‘ನಕ್ಕೋ’ ಎಂದರಂತೂ ಊಟದ ಕೋಣೆಯೇ ನಗುತ್ತಿತ್ತು. ಅವಳಿಗೆ ಅದು ತಾಗುತ್ತಿರಲಿಲ್ಲ. “ನಗಲಿ ಬಿಡವಾ, ನಕ್ರ ನಮ್ದೇನ್ ಹೋಗತೈತಿ?”

ಆ ನವೆಂಬರಿನಲ್ಲಿ ವಡೋದರಾದ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದರು. ನನ್ನದು ಮೈಸೂರಿನ ‘ಶುದ್ಧ ಕನ್ನಡ’ವೆಂದು ನಿರೂಪಣೆ ನನಗೇ ಬಂತು. ನೀಲಮ್ಮ ಹಾಡಲೇಬೇಕೆಂದು ದುಂಬಾಲು ಬಿದ್ದವಳೂ ನಾನೇ. ಅವಳು ಇಳಕಲ್ ಸೀರೆಯುಟ್ಟು ವೇದಿಕೆಗೆ ಬಂದು ಕೈ ಮುಗಿದಳು.

“ನಮ್ಮವ್ವ ಜ್ವಾಳಾ ಬೀಸುವಾಗ ಹಾಡೂ ಪದ ಐತ್ರಿ ಇದು. ತಪ್ಪಾದ್ರ ಹೊಟ್ಯಾಗ ಹಾಕ್ಕೋರ್ರಿ.”

ಸಭೆ ಕಿಸಕ್ಕೆಂದಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು, “ಹೊಟ್ಟೆಗೆ ಹಾಕ್ಕೊಳ್ಳೋಕೆ ಆಮೇಲೆ ಊಟ ಇದೆಯಮ್ಮ, ನೀನು ಕನ್ನಡದಲ್ಲಿ ಹಾಡು!” ಎಂದರು. ಎಲ್ಲರೂ ನಕ್ಕರು. ಕನ್ನಡವೇ ಸರಿಯಾಗಿ ಬಾರದ ಅವರ ಮಕ್ಕಳೂ ನಕ್ಕರು. ನಾನೂ ನಕ್ಕೆ. ನನ್ನ ಕೈಯಲ್ಲಿ ಇನ್ನೊಂದು ಮೈಕಿತ್ತು. ನನ್ನ ನಗು ಎಲ್ಲರದಕ್ಕಿಂತ ದೊಡ್ಡದಾಗಿ ಕೇಳಿಸಿತು.

ನೀಲಮ್ಮ ಒಮ್ಮೆ ನನ್ನತ್ತ ತಿರುಗಿ ನೋಡಿ, ಹಾಡನ್ನು ಪೂರ್ತಿ ಹಾಡಿದಳು. ಒಂದು ಸ್ವರವೂ ಅಲುಗಲಿಲ್ಲ. ಆಟೋದಲ್ಲಿ ವಾಪಸಾಗುವಾಗ “ಕಲ್ ಮುಝೆ ಲ್ಯಾಬ್ ಜಲ್ದೀ ಜಾನಾ ಹೈ” ಎಂದಳು. ನಾಳೆ ಲ್ಯಾಬಿಗೆ ಬೇಗ ಹೋಗಬೇಕೆಂಬುದನ್ನು ಹಿಂದಿಯಲ್ಲಿ, ನನಗೆ!

ಮರುದಿನ “ತಪ್ಪಾಯ್ತು ಕಣೇ” ಎಂದೆ. ಅವಳು ಸಿಟ್ಟಾಗಲಿಲ್ಲ.

“ಹೇತಲ್ ನಕ್ರ, ಆಕಿಗಿ ನಮ್ಮ ಮಾತ ತಿಳ್ಯಾಂಗಿಲ್ಲ ಅಂತ ಬಿಡತೀನಿ. ನಿನಗ ತಿಳೀತೈತಿ. ತಿಳದೂ ನಕ್ಕಿ.”

ಆಮೇಲೆ ತಿಂಗಳುಗಟ್ಟಲೆ ನನ್ನೊಂದಿಗೆ ಅವಳದು ಹಿಂದಿಯೇ. ಬಟ್ಟೆ ಒಗೆಯುವಾಗಲೂ ಸದ್ದಿಲ್ಲ. ವಾಕ್‌ಮನ್ ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ.

ಫೆಬ್ರವರಿಯಲ್ಲಿ ನನಗೆ ಜ್ವರ ಬಂತು. ಹಣೆಯ ಮೇಲೆ ಒದ್ದೆ ಬಟ್ಟೆ ತಣ್ಣಗೆ ಬಿತ್ತು. “ಏಳವಾ, ಒಂದೀಟ ಗಂಜಿ ಕುಡಿ. ಮೈ ಕೆಂಡ ಆಗೇತಿ.” ಉತ್ತರ ಕೊಟ್ಟರೆ ಎಲ್ಲಿ ಮತ್ತೆ ಹಿಂದಿಗೆ ಹೋದಾಳೋ ಎಂದು ಸುಮ್ಮನೆ ಬಾಯಿ ತೆರೆದೆ. ಸ್ನೇಹ ಉಳಿಯಿತು. ಆದರೆ ಆ ಪದವನ್ನು ಅವಳು ಮತ್ತೆ ಹಾಡಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಮೊನ್ನೆ ಅಂಗಡಿಯ ಪಕ್ಕ ನಿಂತು ಅವಳಿಗೆ ಫೋನ್ ಮಾಡಿ, ಆ ಪದ ಹಾಡೆಂದು ಕೇಳಿಯೇಬಿಟ್ಟೆ. ಈಗ ಅವಳು ಊರಲ್ಲಿ ಹೈಸ್ಕೂಲಿನ ಹೆಡ್‌ಮಿಸ್ಸು.

“ಈಗೇನ ಪದಾ? ಒಲಿ ಮ್ಯಾಲ ಪಲ್ಯ ಐತಿ” ಎಂದಳು. ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಒಂದು ನುಡಿ ಹಾಡಿದಳು. ನಾನು ಅದನ್ನೇ ಹಾಡಲು ಹೊರಟೆ.

“ಅಯ್ಯ, ನಿನ್ನ ಬಾಯಾಗ ಪಾಠಾ ಓದಿಧಂಗ ಆಗತೈತಲ್ಲ!” ಎಂದು ನೀಲಮ್ಮ ಬಿದ್ದು ಬಿದ್ದು ನಕ್ಕಳು.

ಇನ್ನಷ್ಟು ನಗಲಿ ಎಂದು, ಆ ಗದ್ದಲದಲ್ಲೇ, ದನಿ ಎತ್ತಿ ಇನ್ನೊಮ್ಮೆ ಹಾಡಿದೆ.