ಪ್ರಿನ್ಸಿಪಾಲರ ಕೋಣೆಯ ಮುಂದಿನ ಸಾಲು

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಕಾಗವಾಡ ಕಡೆಯ ಒಂದು ಸಣ್ಣ ಕ್ಯಾಥೊಲಿಕ್ ಡಿಗ್ರಿ ಕಾಲೇಜಿಗೆ ತರ್ಕಶಾಸ್ತ್ರದ ಲೆಕ್ಚರರ್ ಆಗಿ ಸೇರಿದೆ. ನನ್ನ ಸ್ವಂತ ಊರು ರಾಯಬಾಗ. ವಯಸ್ಸು ಇಪ್ಪತ್ತೈದು. ಆಸ್ತಿಯೆಂದರೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹಿತ್ತಾಳೆ ಕಪ್ಪುಗಳು. ದೇವರಿದ್ದಾನೆಂಬ ವಾದಕ್ಕೆ ಪುರಾವೆ ಸಾಲದು ಎಂಬುದು ಆಗಿನ ನನ್ನ ಅಭಿಪ್ರಾಯ. ಈಗಿನದೂ ಅದೇ.

ಪ್ರಿನ್ಸಿಪಾಲ ಫಾದರ್ ಇನಾಸ್ ಗೋವೆಯವರು. ಬಹಳ ವರ್ಷ ಈ ಸೀಮೆಯಲ್ಲಿದ್ದು ಅವರ ಮಾತೆಲ್ಲ ನಮ್ಮದೇ ಆಗಿಹೋಗಿತ್ತು. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ದೇವರನ್ನ ನಂಬ್ತೀರೇನ್ರಿ?"

"ಇಲ್ರಿ."

"ಚಲೋ ಆತು. ನಂಬವ್ರು ನಮ್ಮಲ್ಲಿ ಭಾಳ ಮಂದಿ ಅದಾರ. ಲಾಜಿಕ್ ಕಲಸವ್ರ ಇಲ್ಲ."

ನಿಜವಾಗಿಯೂ ಅಲ್ಲಿ ನಂಬುವವರಿಗೆ ಕೊರತೆಯಿರಲಿಲ್ಲ. ಆದರೆ ಅವರು ನಂಬುತ್ತಿದ್ದುದು ಬೇರೆ ಬೇರೆ ದೇವರುಗಳನ್ನು. ಕಬ್ಬು, ದ್ರಾಕ್ಷಿ ಬೆಳೆಯುವ ಲಿಂಗಾಯತ, ಮರಾಠಾ, ಜೈನ ಮನೆಗಳ ಮಕ್ಕಳೇ ತರಗತಿ ತುಂಬ. ಕ್ರೈಸ್ತರು ಒಂದು ಬೆಂಚಿಗೆ ಸಾಲುವಷ್ಟಿರಲಿಲ್ಲ. ಈ ಸಂಗತಿ ನಾನು ಸೇರಿದ ಮೂರನೆಯ ವರ್ಷ, ಕಾಲೇಜು ನಡೆಸುತ್ತಿದ್ದ ಬೆಂಗಳೂರಿನ ಪಾದ್ರಿಗಳ ಸಂಘದ ಕಣ್ಣಿಗೆ ಬಿತ್ತು. ಇದು ಇನ್ನೂ ಕ್ಯಾಥೊಲಿಕ್ ಕಾಲೇಜೇ? ಅಲ್ಲವಾದರೆ ಡಿಗ್ರಿ ತರಗತಿಗಳನ್ನು ಮುಚ್ಚಿ, ಪಾದ್ರಿಗಳನ್ನು ಬೇರೆಡೆ ಕಳಿಸುವುದು ಲೇಸಲ್ಲವೇ? ನೋಡಿ ತೀರ್ಮಾನಿಸಲು ಫಾದರ್ ಲಿಯೋ ಎಂಬ ಹಿರಿಯರನ್ನು ಕಳಿಸಿದರು.

ಮುಚ್ಚಿದರೆ ನನಗೆ ಇನ್ನೊಂದು ಕಾಲೇಜು ಸಿಗುತ್ತಿತ್ತು. ಪದ್ಮಶ್ರೀಗೆ ಸಿಗುತ್ತಿರಲಿಲ್ಲ. ಶಿರಗುಪ್ಪಿಯ ಜೈನ ರೈತರ ಮಗಳು, ಎರಡನೆಯ ಬಿ.ಎ., ನನ್ನ ಡಿಬೇಟ್ ತಂಡದ ಅತಿ ಚೂಪು ನಾಲಿಗೆ. "ಈ ಕಾಲೇಜ ಇದ್ರ ಓದು. ಇಲ್ಲಾಂದ್ರ ದೂರದ ಊರಿಗೆ ಕಳಸೂದಿಲ್ಲ, ಮದವಿ ಮಾಡ್ತೇವಿ" ಎಂದು ಅವಳಪ್ಪ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ.

ಸ್ಟಾಫ್ ಮೀಟಿಂಗಿನಲ್ಲಿ ಫಾದರ್ ಲಿಯೋ ಸುತ್ತಿ ಬಳಸಿ ಮಾತಾಡಲಿಲ್ಲ. "ಗೋಡೆಯ ಮೇಲೆ ಶಿಲುಬೆ ಇದ್ದ ಮಾತ್ರಕ್ಕೆ ಕಾಲೇಜು ಕ್ಯಾಥೊಲಿಕ್ ಆಗುತ್ತದೆಯೇ?"

ನಾನು ಎದ್ದೆ. "ಒಳಗಿರೋರೆಲ್ಲ ಕ್ಯಾಥೊಲಿಕ್ ಇದ್ರ ಆಗ್ತದೇನ್ರಿ? ಹಂಗಿದ್ರ ಗೋವಾದ ಮೀನಿನ ಪ್ಯಾಟಿನೂ ಕ್ಯಾಥೊಲಿಕ್ ಕಾಲೇಜ ಆಗಬೇಕಾತು."

ಎಲ್ಲರೂ ನಕ್ಕರು, ಫಾದರ್ ಲಿಯೋ ಕೂಡ ನಕ್ಕರು. ಆಮೇಲೆ ನಿಧಾನವಾಗಿ ಅಂದರು: "ಯಾವುದು ಅಲ್ಲ ಅಂತ ಚೆನ್ನಾಗಿ ಹೇಳಿದಿರಿ. ಯಾವುದು ಹೌದು ಅಂತಲೂ ಹೇಳಿ."

ನಾನು ಕುಳಿತುಕೊಂಡೆ. ಹೊರಗೆ ಬಂದಾಗ ಫಾದರ್ ಇನಾಸ್ ಬೆನ್ನು ತಟ್ಟಿದರು. "ಇವತ್ತ ಕಪ್ ಅವ್ರ ಒಯ್ದ್ರಲ್ಲೋ ತಮ್ಮಾ."

ಮರುದಿನ ಜೈನರ ಕ್ಷಮಾವಣಿ. ಭಾದ್ರಪದದ ಹತ್ತು ದಿನಗಳ ಪರ್ವ ಮುಗಿದ ಮೇಲೆ ಪರಿಚಯದವರನ್ನೆಲ್ಲ ಕಂಡು, ಅರಿತೋ ಅರಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ನಮ್ಮ ಜೈನ ವಿದ್ಯಾರ್ಥಿಗಳು ಪ್ರತಿ ವರ್ಷ ಮೊದಲ ಪಿರಿಯಡ್‌ಗೆ ಮುಂಚೆ ಪ್ರಿನ್ಸಿಪಾಲರ ಕೋಣೆಯ ಮುಂದೆ ಸಾಲು ನಿಲ್ಲುತ್ತಿದ್ದರು. ಆ ಬೆಳಿಗ್ಗೆ ಫಾದರ್ ಇನಾಸ್ ಪೂಜೆ ಮುಗಿಸಿ ಅವಸರದಲ್ಲಿ ಬಂದವರು, ಕೊರಳಲ್ಲಿದ್ದ ಸ್ಟೋಲ್ ತೆಗೆಯುವುದನ್ನೇ ಮರೆತಿದ್ದರು. ಸ್ಟೋಲ್ ಎಂದರೆ ಪಾದ್ರಿಗಳು ಸಂಸ್ಕಾರ ನಡೆಸುವಾಗ ಹಾಕಿಕೊಳ್ಳುವ ಉದ್ದನೆಯ ಪಟ್ಟಿ.

ವರಾಂಡದ ಆ ತುದಿಯಿಂದ ಫಾದರ್ ಲಿಯೋ ಕಂಡದ್ದಿಷ್ಟು: ಸ್ಟೋಲ್ ಹಾಕಿ ಕುಳಿತ ಪಾದ್ರಿ, ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿ, ಮೆಲ್ಲಗೆ ಏನೋ ಹೇಳಿ, ನಗುತ್ತ ಹೊರಬರುವ ಹುಡುಗ ಹುಡುಗಿಯರು. ಫಾದರ್ ಲಿಯೋ ಮುಖ ಕೆಂಪಾಯಿತು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗದವರಿಗೆ ಪಾಪನಿವೇದನೆಯ, ಅಂದರೆ ಪಾದ್ರಿಯೆದುರು ತಪ್ಪೊಪ್ಪಿ ಕ್ಷಮೆ ಪಡೆಯುವ, ಸಂಸ್ಕಾರ ಕೊಡುವಂತಿಲ್ಲ. ಅದು ಅವರ ಧರ್ಮಸಭೆಯ ಕಟ್ಟುನಿಟ್ಟಾದ ನಿಯಮ. ಸಾಲನ್ನು ದಾಟಿ ನೇರ ಕೋಣೆಗೆ ನುಗ್ಗಿದರು. ನಾನೂ ಹಿಂದೆಯೇ ಓಡಿದೆ.

"ಇನಾಸ್, ಏನಿದು? ಇವರ ಪಾಪನಿವೇದನೆ ಕೇಳುತ್ತಿದ್ದೀರಾ?"

ಫಾದರ್ ಇನಾಸ್ ಕೊರಳು ಮುಟ್ಟಿಕೊಂಡು, ನಾಲಿಗೆ ಕಚ್ಚಿ, ಸ್ಟೋಲ್ ಕಿತ್ತು ಮಡಿಚಿದರು. "ಅಯ್ಯ ದೇವರೇ! ಇದು ನಮ್ದಲ್ರಿ, ಅವರ ಹಬ್ಬ."

ನಾನು ಜೈನ ಆಚಾರದ ಬಗ್ಗೆ ಮೂರು ಅಂಶಗಳ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಮೊದಲ ಅಂಶಕ್ಕೂ ಅವಕಾಶ ಸಿಗಲಿಲ್ಲ. ಸಾಲಿನಲ್ಲಿ ಮುಂದಿದ್ದ ಪದ್ಮಶ್ರೀ ಒಳಗೆ ಬಂದು ಫಾದರ್ ಲಿಯೋ ಅವರಿಗೇ ಕೈ ಮುಗಿದಳು.

"ಫಾದರ್, ನಿನ್ನೆ ನಿಮ್ಮ ಮೀಟಿಂಗ್ ನಡದಾಗ ನಾ ಕಿಡಕಿ ಹಂತ್ಯಾಕ ನಿಂತು ಕೇಳಿದ್ನಿರಿ. ಮನಸಿನ್ಯಾಗ ನಿಮಗ ಭಾಳ ಬೈದ್ನಿ. ಕ್ಷಮಾ ಮಾಡ್ರಿ."

ಫಾದರ್ ಲಿಯೋ ತಲೆಯಾಡಿಸಿದರು. "ಆಯಿತಮ್ಮ, ಕ್ಷಮಿಸಿದೆ" ಎಂದರು.

ಹುಡುಗಿ ಅಲ್ಲಾಡಲಿಲ್ಲ. "ಈಗ ನಿಮ್ಮ ಪಾಳೇರಿ. ಇದು ಎರಡೂ ಕಡಿಂದ ಆಗಬೇಕ್ರಿ."

ಫಾದರ್ ಲಿಯೋ ಜೀವಮಾನವಿಡೀ ಇತರರ ತಪ್ಪು ಕೇಳಿದವರು. ಕೇಳಿಸಿಕೊಂಡವನೂ ತಿರುಗಿ ಕ್ಷಮೆ ಕೇಳಬೇಕೆಂಬ ಪದ್ಧತಿ ಅವರಿಗೆ ಹೊಸದು. ಇನಾಸ್ ಕಡೆ ನೋಡಿದರು. "ನಾ ಮುಂಜಾನಿಂದ ಅದನ್ನ ಮಾಡಾಕತ್ತೇನ್ರಿ" ಎಂದರು ಇನಾಸ್. ಫಾದರ್ ಲಿಯೋ ಕೈ ಜೋಡಿಸಿದರು.

"ಮುಚ್ಚಬೇಕು ಅಂತ ಬೆಂಗಳೂರಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದೆ, ಮಗು. ನಿಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕ್ಷಮಿಸು."

"ಕ್ಷಮಾ ಐತ್ರಿ ಫಾದರ್." ಅವಳು ಹೊರಟವಳು ಬಾಗಿಲಲ್ಲಿ ತಿರುಗಿದಳು. "ಆದ್ರ ಕ್ಷಮಾ ಕೇಳಿದ ಮ್ಯಾಲ ಅದ ಕೆಲಸ ಮತ್ತ ಮಾಡೂಹಂಗಿಲ್ರಿ."

ಫಾದರ್ ಲಿಯೋ ನಗತೊಡಗಿದರು. ಕುರ್ಚಿ ಎಳೆದು ಕೂರಬೇಕಾಯಿತು, ಅಷ್ಟು ನಗು. "ನಮ್ಮಲ್ಲೂ ಅದೇ ನಿಯಮ ಕಣಮ್ಮ," ಎಂದು ಕಣ್ಣೊರೆಸಿಕೊಂಡರು. "ಮತ್ತೆ ಮಾಡುವುದಿಲ್ಲ ಅನ್ನುವ ಸಂಕಲ್ಪ ಇಲ್ಲದಿದ್ದರೆ ಪಾಪನಿವೇದನೆ ಊರ್ಜಿತವೇ ಅಲ್ಲ." ಹೊರಗೆ ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು.

ಫಾದರ್ ಲಿಯೋ ಇನ್ನೆರಡು ದಿನ ಉಳಿದರು, ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತರು, ಐನಾಪುರದ ಒಬ್ಬ ಹುಡುಗನ ಮನೆಯಲ್ಲಿ ಜೋಳದ ರೊಟ್ಟಿ ಉಂಡರು. ಹೊರಡುವಾಗ ಡಿಗ್ರಿ ತರಗತಿಗಳು ಮುಂದುವರಿಯುತ್ತವೆ ಎಂದು ಎಲ್ಲರೆದುರು ಹೇಳಿ, ನನ್ನತ್ತ ತಿರುಗಿದರು. "ಯಾವುದು ಹೌದು ಅನ್ನುವ ನನ್ನ ಪ್ರಶ್ನೆಗೆ ನಿಮ್ಮ ಶಿಷ್ಯೆ ಉತ್ತರ ಕೊಟ್ಟಳು."

"ಅದು ಉತ್ತರ ಅಲ್ರಿ, ಉದಾಹರಣೆ" ಎಂದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಶಿಲುಬೆಯ ಮೇಲಿರುವ ನಮ್ಮ ಗುರುವೂ ಉದಾಹರಣೆಗಳಲ್ಲೇ ಪಾಠ ಹೇಳುತ್ತಿದ್ದ" ಎಂದು ಅವರು ಜೀಪು ಹತ್ತಿದರು.

ಪದ್ಮಶ್ರೀ ಬಿ.ಎ. ಮುಗಿಸಿದಳು. ಆ ಕಾಲೇಜು ಕ್ಯಾಥೊಲಿಕ್ ಹೇಗೆ ಎಂಬುದನ್ನು ತರ್ಕದಿಂದ ಸಾಧಿಸಲು ನನಗೆ ಇಂದಿಗೂ ಆಗಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಚರ್ಚಾಸ್ಪರ್ಧೆಯಲ್ಲಿ ಒಬ್ಬ ತನ್ನ ತಪ್ಪು ಒಪ್ಪಿಕೊಂಡ ಕೂಡಲೇ ಆಟ ಮುಗಿಯಿತೆಂದು ಗಂಟೆ ಬಾರಿಸಿದಂತೆಯೇ. ಕಾಲೇಜಿನಲ್ಲಿ ಆ ಗಂಟೆ ಹೊಡೆದರೆ, ಪಾಠ ಶುರುವಾಯಿತೆಂದು ಅರ್ಥ.