ಶಭಾಷ್, ಸರಿಯಾಗಿ ಗುರುತಿಸಿದಿರಿ

ಆಫೀಸಿನವರೆಲ್ಲ ಅವಳನ್ನು ಬೀಗದಮ್ಮ ಎನ್ನುತ್ತಿದ್ದರು, ಅವಳ ಬೆನ್ನ ಹಿಂದೆ ಮಾತ್ರ. ಇಪ್ಪತ್ತೆರಡು ವರ್ಷದ ಹಿಂದೆ, ಪಾಸ್‌ವರ್ಡ್ ಮರೆತವರ ಫೋನ್ ಎತ್ತುವ ಕೆಲಸಕ್ಕೆ ಸೇರಿದವಳು. ಪರೀಕ್ಷೆ ಮೇಲೆ ಪರೀಕ್ಷೆ ಕಟ್ಟಿ, ಆಡಿಟ್‌ನವರ ಕಿರಿಕಿರಿ ಸಹಿಸಿ, ಈಗ ಇಡೀ ಕಂಪನಿಯ ಮಾಹಿತಿ ಭದ್ರತೆಗೆ ಮುಖ್ಯಸ್ಥೆ. ಸ್ವಂತ ಗಂಡ ಕಳಿಸಿದ ಲಿಂಕನ್ನೂ ಫೋನ್ ಮಾಡಿ ವಿಚಾರಿಸಿಯೇ ಒತ್ತುವ ಹೆಂಗಸು.

ಗ್ರಾಹಕರ ದಾಖಲೆಗಳಿದ್ದ ಹಾಲ್‌ಗೆ ಮೊಬೈಲ್ ಒಯ್ಯಬಾರದು, ಬಾಗಿಲಾಚೆಯ ಲಾಕರ್‌ನಲ್ಲಿ ಇಡಬೇಕು ಎಂಬ ನಿಯಮ ಅವಳದೇ. ತಿಂಗಳಿಗೊಮ್ಮೆ ಸುಳ್ಳು ಇಮೇಲ್ ಬರೆದು ಎಲ್ಲರನ್ನೂ ಪರೀಕ್ಷಿಸುವುದೂ ಅವಳದೇ ಏರ್ಪಾಡು. ಲಿಂಕ್ ಒತ್ತಿದವರು ಪಾಠಕ್ಕೆ ಬಂದು ಕೂರಬೇಕು.

ಒಮ್ಮೆ ಆಸ್ಪತ್ರೆಯ ಹೆಸರಲ್ಲಿ ಬರೆದಳು: ‘ನಿಮ್ಮ ಮನೆಯವರು ದಾಖಲಾಗಿದ್ದಾರೆ, ವಿವರಕ್ಕೆ ಇಲ್ಲಿ ಒತ್ತಿ.’ ಹಾಲ್‌ನ ಹಿರಿಯ ಗುಮಾಸ್ತ ಒತ್ತಿದ್ದಷ್ಟೇ ಅಲ್ಲ, ಎದ್ದೆನೋ ಬಿದ್ದೆನೋ ಎಂದು ಮನೆಗೇ ಓಡಿದ್ದ. ಅವನ ಹೆಂಡತಿಗೆ ಹೃದಯದ ತೊಂದರೆಯಿತ್ತು.

“ಕಳಿಸಿದವರ ವಿಳಾಸ ನೋಡೋಕೆ ಎರಡು ಸೆಕೆಂಡ್ ಸಾಕಿತ್ತಲ್ಲ ಸಾರ್?” ಎಂದಳು, ಪಾಠದಲ್ಲಿ ಎಲ್ಲರೆದುರು.

“ಕೈ ತಾನಾಗೇ ಹೋಯ್ತು ಮೇಡಂ.”

“ಅಂಥ ಕೈನೇ ಕಳ್ಳರು ಕಾಯ್ತಿರೋದು.”

ಎಲ್ಲರೂ ನಕ್ಕರು. ಅವನೂ ನಕ್ಕ. ಅಂದಿನಿಂದ ಅವಳ ಶಿಷ್ಯರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅನುಮಾನದ ಇಮೇಲ್ ಬಂದರೆ ಸಾಕು, ದೂರಿನ ಬಟನ್ ಒತ್ತುತ್ತಿದ್ದ. ತಕ್ಷಣ ಅವಳು ಬರೆದಿಟ್ಟ ಉತ್ತರ ತಂತಾನೇ ಹೋಗುತ್ತಿತ್ತು: ‘ಶಭಾಷ್, ಸರಿಯಾಗಿ ಗುರುತಿಸಿದಿರಿ.’

ಏಳು ತಿಂಗಳ ನಂತರ, ಒಂದು ಮಂಗಳವಾರ, ಲಾಕರ್‌ನಲ್ಲಿದ್ದ ಅವನ ಮೊಬೈಲ್ ಹದಿನಾಲ್ಕು ಸಲ ಬಡಿದುಕೊಂಡಿತು. ಯಾರೂ ಎತ್ತದಿದ್ದಾಗ ಆಸ್ಪತ್ರೆಯವರು ಆಫೀಸಿನ ವಿಳಾಸಕ್ಕೆ ಇಮೇಲ್ ಹಾಕಿದರು. ಹನ್ನೊಂದು ಹತ್ತಕ್ಕೆ ಅವನು ಓದಿದ. ಈ ಸಲ ಕೈ ತಡೆದು, ಲಿಂಕ್ ಒತ್ತದೆ ದೂರು ಕೊಟ್ಟ. ಶಭಾಷ್ ಬಂತು. ಒಂದು ಗಂಟೆಗೆ, ಊಟದ ಬಿಡುವಿನಲ್ಲಿ, ಲಾಕರ್ ತೆಗೆದ. ಹನ್ನೆರಡೂ ಇಪ್ಪತ್ತಕ್ಕೆ ಅವನ ಹೆಂಡತಿ ಹೋಗಿಬಿಟ್ಟಿದ್ದಳು. ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳಂತೆ.

ಎರಡು ವಾರದ ಮೇಲೆ ಅವನು ಕೆಲಸಕ್ಕೆ ಬಂದ. “ನಿಮ್ಮ ತಪ್ಪಲ್ಲ ಮೇಡಂ, ನೀವು ಕಲಿಸಿದ್ದನ್ನ ಸರಿಯಾಗೇ ಕಲ್ತಿದ್ದೆ” ಎಂದ. ಬಾಯಿಗೆ ಬಂದಂತೆ ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಶಭಾಷ್ ಉತ್ತರವನ್ನು ಅಳಿಸಿದಳು, ತುರ್ತು ಕರೆಗೆಂದು ಹಾಲ್‌ನಲ್ಲೊಂದು ಫೋನ್ ಇಡಿಸಿದಳು. ಅದರಿಂದ ಅವನಿಗೇನು ಬಂತು?

ಆಮೇಲೆ ಶುರುವಾಯಿತು. ಪ್ರತಿ ಮಂಗಳವಾರ ಹನ್ನೊಂದು ಹತ್ತಕ್ಕೆ ಅವನಿಂದ ಒಂದು ದೂರು. ಅದೇ ಆಸ್ಪತ್ರೆ, ಅಂದು ಬಂದಿದ್ದ ಅದೇ ಇಮೇಲ್.

“ಈ ದೂರನ್ನ, ಇಮೇಲ್ ಸುಳ್ಳು ಅಂತ ಮುಚ್ಚಲಾ, ನಿಜ ಅಂತ ಮುಚ್ಚಲಾ?” ಎಂದು ಸಹಾಯಕಿ ಕೇಳಿದಳು.

“ನನಗೆ ಬಿಡು” ಎಂದಳು ಬೀಗದಮ್ಮ. ಹತ್ತೊಂಬತ್ತು ದೂರುಗಳು ಹಾಗೇ ಬಿದ್ದಿದ್ದವು. ಸೋಮವಾರವೇ ಅವಳಿಗೆ ಊಟ ಸೇರದಾಯಿತು.

ಇಪ್ಪತ್ತನೆಯದು ಬಂದಾಗ ತಡೆಯಲಾಗಲಿಲ್ಲ. ಕೆಳಗಿಳಿದು, ಮೊಬೈಲನ್ನು ಲಾಕರ್‌ಗೆ ಹಾಕಿ, ಅವನ ಮೇಜಿನ ಪಕ್ಕ ನಿಂತಳು.

“ಯಾಕೆ ಸಾರ್ ಇದನ್ನೇ ಕಳಿಸ್ತೀರಿ?”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಸುಳ್ಳು ಅಂತ ಒಂದ್ಸಲ ಉತ್ತರ ಬರಬಹುದೇನೋ ಅಂತ ಮೇಡಂ. ಮೊದಲನೇ ಸಲ ಹಾಗೇ ಆಗಿತ್ತಲ್ಲ. ಓಡಿಹೋಗಿ ನೋಡಿದ್ರೆ, ಅವಳು ಕಿಟಕಿ ಹತ್ರ ಕೂತು ತಲೆ ಬಾಚ್ಕೋತಿದ್ಲು.”